ಮುಖ ಕಾಣುವ ನೆಲ

ನಮ್ಮ ಹೊಸ ಮನೆಯ ನೆಲದಲ್ಲಿ ಮುಖ ಕಾಣುತ್ತಿತ್ತು. ಇದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ ಮಾತು. ಬಗ್ಗಿ ನೋಡಿ, ಮುಖ ಕಾಣ್ತದೆ, ಅನ್ನುತ್ತಿದ್ದ. ಬಂದವರು ಬಗ್ಗಿ ನೋಡುತ್ತಿದ್ದರು. ಕೆಂಪು ಕಾವಿ ಹಾಕಿ, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ, ಕೊಬ್ಬರಿ ಎಣ್ಣೆ ಕುಡಿಸಿ ಮಾಡಿದ ಆ ನೆಲದಲ್ಲಿ ನಿಜಕ್ಕೂ ಮುಖ ಕಾಣುತ್ತಿತ್ತು. ಸ್ವಲ್ಪ ಕೆಂಪಾಗಿ, ಸ್ವಲ್ಪ ಉದ್ದವಾಗಿ, ಸಿಟ್ಟು ಬಂದವರ ಮುಖದ ಹಾಗೆ. ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಸುತ್ತಮುತ್ತ ಅಂಥ ನೆಲ ಇದ್ದದ್ದು ಆಗ ಎರಡೇ ಮನೆಗೆ. ಒಂದು ದೊಡ್ಡಮನೆ, ಇನ್ನೊಂದು ನಮ್ಮದು. ದೊಡ್ಡಮನೆ ಎಂದರೆ ನಮ್ಮವರು ಕಂಡಷ್ಟು ಕಾಲದಿಂದ ಯಾರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರೋ ಆ ಒಡೆಯರ ಮನೆ. ಅವರ ಮನೆಯಲ್ಲಿ ಇದ್ದದ್ದೆಲ್ಲ ತನ್ನ ಮನೆಯಲ್ಲೂ ಇರಬೇಕೆಂದು ಅಪ್ಪ ಹಟ ತೊಟ್ಟಿದ್ದ. ನನ್ನ ಅಜ್ಜಿ ಚೌಡಮ್ಮ ಬಿದ್ದದ್ದು ಆ ನೆಲದ ಮೇಲೆ. ಇಷ್ಟು ವರ್ಷವಾದರೂ ಕಣ್ಣು ಮುಚ್ಚಿದರೆ ಅವಳು ಬೀಳುತ್ತಲೇ ಇರುತ್ತಾಳೆ, ನೆಲ ಮುಟ್ಟುವುದಿಲ್ಲ. ನಾನು ಓಡುತ್ತಲೇ ಇರುತ್ತೇನೆ, ಅವಳನ್ನು ಮುಟ್ಟುವುದಿಲ್ಲ.

ಅದಕ್ಕಿಂತ ಮೊದಲಿನ ಮನೆಯನ್ನು ಹೇಳಬೇಕು. ಹುಲ್ಲು ಹೊದೆಸಿದ, ಗಿಡ್ಡ ಬಾಗಿಲಿನ, ಎರಡೇ ಕೋಣೆಯ ಮನೆ. ಗದ್ದೆಯ ಅಂಚಿಗೇ ಇತ್ತು, ಹೊಸಿಲು ದಾಟಿದರೆ ಅಂಗಳ, ಅಂಗಳ ದಾಟಿದರೆ ಗದ್ದೆ. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಒಳಗೆ ಕತ್ತಲು, ಹೊಗೆ, ಒಣಮೀನಿನ ವಾಸನೆ. ನೆಲ ಸಗಣಿ ಸಾರಿಸಿದ್ದು. ನೀರು ಚೆಲ್ಲಿದರೆ ನೆಲವೇ ಕುಡಿಯುತ್ತಿತ್ತು. ಅಜ್ಜಿ ಆ ಮನೆಯಲ್ಲಿ ದೀಪವಿಲ್ಲದೆ ಓಡಾಡುತ್ತಿದ್ದಳು. ಒಲೆಯ ಹತ್ತಿರ ಕೈ ಚಾಚಿದರೆ ಕಂಬ, ಕಂಬದಿಂದ ಕೈ ಚಾಚಿದರೆ ಭತ್ತ ತುಂಬಿಡುವ ಪಣತ, ಪಣತದಿಂದ ಬಾಗಿಲ ಚೌಕಟ್ಟು. ಆ ಮನೆಯಲ್ಲಿ ಬೀಳುವುದಕ್ಕೆ ಜಾಗವೇ ಇರಲಿಲ್ಲ ಎಂದು ಅವ್ವ ಆಮೇಲೆ ಹೇಳುತ್ತಿದ್ದಳು. ಸಂಜೆ ಎಲ್ಲರೂ ಒಲೆಯ ಸುತ್ತ ಕೂತು ಗಂಜಿ ಉಣ್ಣುತ್ತಿದ್ದೆವು. ಮೀನು ಇದ್ದ ದಿನ ಅಜ್ಜಿ ಅದನ್ನು ಭಾಗ ಮಾಡುತ್ತಿದ್ದಳು. ನಡುವಿನ ತುಂಡು ಅಪ್ಪನಿಗೆ, ಬಾಲದ ಕಡೆಯದು ಅವ್ವನಿಗೆ, ತಲೆ ತನಗೆ. ತಲೆಯಲ್ಲೇ ರುಚಿ ಇರುವುದು ಎಂದು ನನ್ನನ್ನು ನಂಬಿಸಿದ್ದಳು. ಉಂಡು ಕೈ ತೊಳೆದು, ಯಾರ ಕೈಯನ್ನೂ ಹಿಡಿಯದೆ, ಯಾವುದನ್ನೂ ಊರದೆ, ಕುಕ್ಕರುಗಾಲಿನಿಂದ ಒಂದೇ ಸಲಕ್ಕೆ ಎದ್ದು ನಿಲ್ಲುತ್ತಿದ್ದಳು. ನಾಟಿ ಮಾಡಿದ ಸೊಂಟ ಅದು. ಅವಳ ಅಂಗಾಲು ಹಲಸಿನ ಸಿಪ್ಪೆಯ ಹಾಗೆ ಒರಟು. ಒದ್ದೆ ಬದುವಿನ ಮೇಲೆ ತಲೆಯಲ್ಲಿ ಸಸಿಯ ಕಟ್ಟು ಹೊತ್ತು ನಡೆಯುವಾಗ ಆ ಅಂಗಾಲು ಮಣ್ಣನ್ನು ಕೈಯಂತೆ ಹಿಡಿದುಕೊಳ್ಳುತ್ತಿತ್ತು.

ಅವಳು ಎದ್ದು ನಿಲ್ಲುವುದನ್ನು ನಾನು ಹೆಚ್ಚಾಗಿ ನೋಡಿದ್ದು ದೊಡ್ಡಮನೆಯ ಅಂಗಳದಲ್ಲಿ. ಅಡಿಕೆ ಸುಲಿಯುವ ಕಾಲದಲ್ಲಿ ಅಜ್ಜಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಬೆನ್ನಿಗೆ ನಾನು. ಹೆಂಗಸರೆಲ್ಲ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಿದ್ದರು. ನಗು, ಬೈಗುಳ, ಒಬ್ಬಳ ಗಂಡನ ಸುದ್ದಿ, ಇನ್ನೊಬ್ಬಳ ಸೊಸೆಯ ಸುದ್ದಿ. ಒಳಗಿನಿಂದ ಒಂದು ಕೆಮ್ಮು ಕೇಳಿಸುತ್ತಿತ್ತು. ಗಂಟಲು ಸರಿಮಾಡಿಕೊಳ್ಳುವಂಥ ಸಣ್ಣ ಕೆಮ್ಮು, ಒಡೆಯರದ್ದು. ಅವರು ಜಗಲಿಗೆ ಬರುವ ಮೊದಲೇ ಅಂಗಳವೆಲ್ಲ ಎದ್ದು ನಿಂತಿರುತ್ತಿತ್ತು. ಅಜ್ಜಿ ಎಲ್ಲರಿಗಿಂತ ಮೊದಲು. ಅರ್ಧ ಹೇಳಿದ ಮಾತು ಬಾಯಲ್ಲೇ ಇರುತ್ತಿತ್ತು, ಕಾಲು ಮೇಲೆದ್ದಿರುತ್ತಿತ್ತು. ನಾನು ಏಳದೆ ಕೂತರೆ ಕಿವಿ ಹಿಂಡುತ್ತಿದ್ದಳು. ಒಡೆಯರು ಕೆಟ್ಟವರಲ್ಲ; ಹೊಡೆದದ್ದು, ಬೈದದ್ದು ನಾನು ಕಾಣೆ. ಜಗಲಿಯ ಮೇಲೆ ನಿಂತು ಅಂಗಳವನ್ನು ಒಂದು ಸಲ ನೋಡುತ್ತಿದ್ದರು. ಎಲ್ಲರೂ ಎದ್ದಿದ್ದಾರೆಂದು ಖಾತ್ರಿಯಾದ ಮೇಲೆ ಕೈ ಸ್ವಲ್ಪ ಆಡಿಸಿ, ಕೂತ್ಕಳಿ ಕೂತ್ಕಳಿ, ಅನ್ನುತ್ತಿದ್ದರು. ಆ ಮಾತು ಯಾವತ್ತೂ ನಿಂತವರಿಗೇ ಬರುತ್ತಿತ್ತು. ಕೂತವರಿಗೆ ಬಂದದ್ದನ್ನು ನಾನು ಕೇಳಿಲ್ಲ.

ಆಮೇಲೆ ಗೇಣಿ ಕಾನೂನು ಬಂತು. ಗದ್ದೆ ನಮ್ಮದಾಯಿತು. ಅಪ್ಪನಿಗೆ ಖುಷಿಗಿಂತ ಹೆಚ್ಚಾಗಿ ಒಂದು ಬಗೆಯ ಜ್ವರ ಹತ್ತಿತು. ಗದ್ದೆಯಂಚಿನ ಮನೆ ಬೇಡ, ರಸ್ತೆಗೆ ಕಾಣುವ ಹಾಗೆ ದಿಬ್ಬದ ಮೇಲೆ ಮನೆ ಆಗಬೇಕು ಎಂದ. ಜಂಬಿಟ್ಟಿಗೆ ಕಲ್ಲಿನ ಎತ್ತರದ ತಳಪಾಯ. ದೊಡ್ಡಮನೆಗೆ ಎಷ್ಟು ಮೆಟ್ಟಿಲೋ ಅದಕ್ಕಿಂತ ಒಂದು ಹೆಚ್ಚು. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಲ್ಲಿ ಹೋಗಿ ಎಣಿಸಿಕೊಂಡು ಬಂದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಮುಂದಿನ ಕೋಣೆ ಉದ್ದಕ್ಕೆ, ನಡುವೆ ಒಂದೂ ಕಂಬವಿಲ್ಲ. ಕಂಬ ಇದ್ದರೆ ಬಡವರ ಮನೆ ಎಂದು ಅವನ ತಲೆಯಲ್ಲಿ ಹೇಗೆ ಹೊಕ್ಕಿತ್ತೋ ತಿಳಿಯದು. ನೆಲದ ಕೆಲಸ ಶುರುವಾದಾಗ ಅವ್ವ ಒಂದೇ ಒಂದು ಕೋರಿಕೆ ಇಟ್ಟಳು. ಅವಳು ಮನೆ ಕಟ್ಟುವ ವಿಚಾರದಲ್ಲಿ ಆಡಿದ ಮಾತು ಅದೊಂದೇ ಇರಬೇಕು.

"ಬಚ್ಚಲು, ಅಡಿಗೆಮನೆ ಆದ್ರೂ ಒರಟಾಗೇ ಇರ್ಲಿ. ಅತ್ತೆ ಕಾಲು ಮೊದ್ಲಿನ ಹಾಂಗೆ ಇಲ್ಲ."

"ದೊಡ್ಡಮನೇಲಿ ಬಚ್ಚಲೂ ನುಣ್ಣಗೇ ಅದೆ."

"ನೀವು ಅವ್ರ ಬಚ್ಚಲು ಯಾವಾಗ ನೋಡಿದ್ರಿ?"

ಅಪ್ಪ ಆ ದಿನ ಉಣ್ಣಲಿಲ್ಲ. ದೊಡ್ಡಮನೆಯ ಬಚ್ಚಲಿರಲಿ, ಜಗಲಿಯಿಂದ ಒಳಗಿನ ಯಾವುದನ್ನೂ ಅವನು ನೋಡಿರಲಿಲ್ಲ; ಜಗಲಿಯ ನೆಲವನ್ನು ಕೂಡ ಅಂಗಳದಲ್ಲಿ ನಿಂತು ನೋಡಿದ್ದು. ಅವ್ವ ಹಾಗೆ ಕೇಳಬಾರದಿತ್ತು ಎಂದು ನನಗೆ ಆಗ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಬಚ್ಚಲೂ ನುಣ್ಣಗೇ ಆಯಿತು.

ಹೊಸ ಮನೆಗೆ ಒಕ್ಕಲಾದ ದಿನ ಅಜ್ಜಿ ಹೊಸಿಲ ಹತ್ತಿರ ನಿಂತು, ಸೀರೆಯ ನಿರಿಗೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಕಾಲಿಟ್ಟಳು. ನೀರಿಗೆ ಇಳಿಯುವವರು ಇಡುವ ಹಾಗೆ. ನೆಂಟರೆಲ್ಲ ನಕ್ಕರು. ಇದೆಂತ ನೆಲನಾ ಕೆರೆನಾ ಎಂದು ಅವಳೂ ನಕ್ಕಳು. ಆದರೆ ಅವತ್ತಿನಿಂದ ಅವಳ ನಡೆ ಬದಲಾಯಿತು. ಅವಳ ಅಂಗಾಲಿಗೆ ಹಿಡಿಯಲು ಏನೂ ಸಿಗುತ್ತಿರಲಿಲ್ಲ. ಹೆಜ್ಜೆ ಎತ್ತಿ ಇಡುವುದು ಬಿಟ್ಟು ಕಾಲನ್ನು ಎಳೆಯತೊಡಗಿದಳು. ಮೆಟ್ಟಿಲು ಇಳಿಯುವುದು ಮೊದಮೊದಲು ಅವ್ವನ ತೋಳು ಹಿಡಿದು, ಆಮೇಲೆ ಕೂತು ಕೂತು ಇಳಿಯುವುದು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಇಳಿಯುವುದೇ ನಿಂತುಹೋಯಿತು. ಗದ್ದೆ ನಮ್ಮದಾಗಿತ್ತು, ಅವಳಿಗೆ ಮಾತ್ರ ಅದನ್ನು ಮುಟ್ಟಲು ಆಗುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದಳು. ಹೊತ್ತು ಹೋಗದೆ ಬೆರಳಿನಲ್ಲಿ ಸರಳಿನ ತುಕ್ಕು ಕೆರೆಯುತ್ತಿದ್ದಳು. ಮಾಸ್ತಿಕಟ್ಟೆಯ ಕಡೆ ಅಣೆಕಟ್ಟಿನ ಕೆಲಸಕ್ಕೆ ಹೋಗುವ ಲಾರಿಗಳು ರಸ್ತೆಯಲ್ಲಿ ಹಾದರೆ ಅವನ್ನು ಮಾತಾಡಿಸುತ್ತಿದ್ದಳು. ಕೇರಿಯ ಹೆಂಗಸರು ಬರುವುದು ಕಡಿಮೆಯಾಯಿತು. ಕೆಸರುಗಾಲಲ್ಲಿ ಆ ನೆಲಕ್ಕೆ ಬರಲು ಅವರಿಗೆ ಸಂಕೋಚ.

ಅವಳು ಮೊದಲ ಸಲ ಬಿದ್ದದ್ದು ಬಚ್ಚಲಲ್ಲಿ. ದೇವರ ದಯೆ ಅನ್ನಬೇಕೋ ಏನೋ, ಮಣಿಕಟ್ಟು ಉಳುಕಿದ್ದು, ಹಣೆ ಊದಿದ್ದು, ಅಷ್ಟೇ. ಆದರೆ ಅವಳ ಕಣ್ಣಿನಲ್ಲಿ ಒಂದು ಹೆದರಿಕೆ ಬಂದು ಕೂತಿತು. ನಾನು ಆಗ ತೀರ್ಥಹಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದೆ, ಶನಿವಾರದ ಬಸ್ಸಿಗೆ ಮನೆಗೆ ಬರುತ್ತಿದ್ದೆ. ಆ ಶನಿವಾರ ಬಂದಾಗ ಅವ್ವ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಸುಣ್ಣ ಬಳಿದ ಹೊಸ ಗೋಡೆಗೆ, ಅಪ್ಪ ಕ್ಯಾಲೆಂಡರ್ ಹಾಕಲೂ ಬಿಡದಿದ್ದ ಗೋಡೆಗೆ, ದೊಡ್ಡ ದೊಡ್ಡ ಮೊಳೆ. ಅಜ್ಜಿಯ ಹಾಸಿಗೆಯಿಂದ ಮುಂದಿನ ಕೋಣೆಯ ಗೋಡೆಯುದ್ದಕ್ಕೂ, ಗೋಡೆಗೆ ತಾಗಿ ಹಾಕಿದ್ದ ಬೆಂಚಿನ ಮಗ್ಗುಲಲ್ಲಿ ಹಾದು, ಬಚ್ಚಲಿನವರೆಗೆ ಸೊಂಟದೆತ್ತರಕ್ಕೆ ಒಂದು ಹಗ್ಗ. ಬಾವಿಯ ಹಗ್ಗ, ತೆಂಗಿನ ನಾರಿನ ಕತ್ತದ್ದು, ಕೈಗೆ ಕಚ್ಚಿಕೊಳ್ಳುವಂಥದ್ದು. ನಾನು ಹಗ್ಗ ಎಳೆದು ಹಿಡಿದೆ, ಅವ್ವ ಗಂಟು ಹಾಕಿದಳು. ಹಗ್ಗದ ಕೆಳಗೆ ನೆಲದ ಮೇಲೆ ಗೋಣಿಚೀಲ ಬಿಚ್ಚಿ ಹಾಸಿ, ಅಂಚು ಮಡಚದ ಹಾಗೆ ಅಂಟು ಹಚ್ಚಿದಳು. ಅಜ್ಜಿಯ ಸೀರೆಯನ್ನು ನಾಟಿಗೆ ಹೋಗುವವರು ಉಡುವ ಹಾಗೆ ಮೊಣಕಾಲಿನ ಕೆಳಗೆ ಎತ್ತಿ ಕಟ್ಟಿದಳು. ತಲೆದಿಂಬಿನ ಹತ್ತಿರ ದನದ ಕೊರಳಿನ ಮರದ ಗಂಟೆ ಇಟ್ಟು, ಏಳಬೇಕೆಂದರೆ ಇದನ್ನು ಆಡಿಸು ಎಂದಳು. ಬೆಳಕಿಗೆಂದು ಬಚ್ಚಲಿನ ಬಾಗಿಲಲ್ಲಿ ಒಂದು ಬುಡ್ಡಿದೀಪ. ಇದನ್ನೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಳೆಯ ಮನೆಯಲ್ಲಿ ಕಂಬ, ಪಣತ, ಚೌಕಟ್ಟು ಮಾಡುತ್ತಿದ್ದ ಕೆಲಸವನ್ನು ಹೊಸ ಮನೆಗೆ ತರುತ್ತಿದ್ದಳು, ಅಷ್ಟೇ.

"ನನ್ನ ಎಮ್ಮೆ ಹಾಂಗೆ ಕಟ್ಟಿ ಹಾಕಿದ್ರಲ್ಲೇ," ಎಂದಳು ಅಜ್ಜಿ. ಕೊರಳಿಗೆ ಗಂಟೆ ಹಿಡಿದು ಎಮ್ಮೆಯ ಹಾಗೆ ತಲೆ ಆಡಿಸಿದಳು. ಅವಳು ನಕ್ಕದ್ದನ್ನು ನೋಡಿ ತಿಂಗಳಾಗಿತ್ತು.

ಆ ಹಗ್ಗ ಇದ್ದಷ್ಟು ಕಾಲ ಅವಳು ಬೀಳಲಿಲ್ಲ. ಇದನ್ನು ನಾನು ಮತ್ತೆ ಮತ್ತೆ ಹೇಳಬೇಕು, ಯಾಕೆಂದರೆ ಆಮೇಲೆ ನೆಂಟರಿಷ್ಟರು, ವಯಸ್ಸಾಗಿತ್ತು, ಹೇಗೂ ಬೀಳುತ್ತಿದ್ದಳು, ಹಣೆಬರಹ ಎಂದೆಲ್ಲ ಹೇಳಿ ಅಪ್ಪನನ್ನು ಸಮಾಧಾನ ಮಾಡಿದರು. ಬೀಳುತ್ತಿರಲಿಲ್ಲ. ಹಗ್ಗದ ಮೇಲೆ ಕೈ ಜಾರಿಸುತ್ತ, ಗೋಣಿಯ ಮೇಲೆ ಕಾಲಿಡುತ್ತ, ಬಚ್ಚಲಿಗೆ ತಾನೇ ಹೋಗಿ ಬರುತ್ತಿದ್ದಳು. ಬೆಳಿಗ್ಗೆ ಎದ್ದು ಹಗ್ಗದುದ್ದಕ್ಕೂ ನಡೆದು ಬೆಂಚಿನ ಮೇಲೆ ಕೂತು ರಸ್ತೆ ನೋಡುವುದು, ಬಿಸಿಲು ಒಳಗೆ ಬಂದಾಗ ಎದ್ದು ವಾಪಸ್ಸು. ಏಳುವಾಗ ಎಡಗೈ ತಾನಾಗಿ ಗೋಡೆಗೆ ಹೋಗಿ ಹಗ್ಗ ಹಿಡಿಯುತ್ತಿತ್ತು. ನೋಡಬೇಕಾಗಿಯೂ ಇರಲಿಲ್ಲ. ಕೈಗೆ ಅಭ್ಯಾಸವಾಗಿತ್ತು. ಬೆನ್ನು ಕೂಡ ಸ್ವಲ್ಪ ನೆಟ್ಟಗಾಯಿತು. ಅಪ್ಪನಿಗೆ ಮಾತ್ರ ಆ ಹಗ್ಗ ಕಂಡರೆ ಮೈ ಉರಿಯುತ್ತಿತ್ತು. ಬಂದವರು ಈಗ ಬಗ್ಗಿ ನೆಲ ನೋಡುತ್ತಿರಲಿಲ್ಲ, ಹಗ್ಗ ನೋಡಿ ಇದೇನು ಎಂದು ಕೇಳುತ್ತಿದ್ದರು. ಕೊಟ್ಟಿಗೆ ಮಾಡಿಟ್ಟಿದ್ದೀರಿ ಎಂದು ಅವನು ಅವ್ವನ ಮೇಲೆ ಹಾರಾಡುತ್ತಿದ್ದ. ಅವ್ವ ಸಡಿಲಾದ ಗಂಟನ್ನು ಬಿಗಿ ಮಾಡುತ್ತಿದ್ದಳು.

ಆ ಬೇಸಿಗೆಯಲ್ಲಿ ದೊಡ್ಡಮನೆಯ ಮೊಮ್ಮಗಳ ಮದುವೆ ಗೊತ್ತಾಯಿತು. ಒಡೆಯರೇ ಖುದ್ದಾಗಿ ಕರೆಯಲು ಬರುತ್ತಾರಂತೆ ಎಂಬ ಸುದ್ದಿ ಬಂತು. ಹಿಂದೆಲ್ಲ ಅವರ ಮನೆಯ ಮದುವೆಗೆ ನಮಗೆ ಕರೆ ಬರುತ್ತಿರಲಿಲ್ಲ, ಕೆಲಸಕ್ಕೆ ಬನ್ನಿ ಎಂಬ ಹೇಳಿಕೆ ಬರುತ್ತಿತ್ತು. ಉಳಿದದ್ದನ್ನು ಹಿತ್ತಲ ಕಡೆ ಬಡಿಸುತ್ತಿದ್ದರು. ಈಗ ಒಡೆಯರು ನಮ್ಮ ಮೆಟ್ಟಿಲು ಹತ್ತಿ, ನಮ್ಮ ಹೊಸಿಲು ದಾಟಿ, ನಮ್ಮ ಕುರ್ಚಿಯ ಮೇಲೆ ಕೂತು, ಅಕ್ಷತೆ ಕೊಟ್ಟು ಕರೆಯುವವರಿದ್ದರು. ಅಪ್ಪ ಈ ಒಂದು ಗಳಿಗೆಗಾಗಿಯೇ ಮನೆ ಕಟ್ಟಿಸಿದ್ದ ಎಂದು ಆಗ ನನಗೆ ಅರ್ಥವಾಯಿತು. ಶನಿವಾರ ನಾನು ಬಂದಿಳಿದಾಗ ಹಗ್ಗ ಸುರುಳಿ ಸುತ್ತಿ ಹಿತ್ತಿಲಲ್ಲಿ ಬಿದ್ದಿತ್ತು. ಗೋಣಿಚೀಲಗಳನ್ನು ಕಿತ್ತು ಬಿಸಾಡಿಯಾಗಿತ್ತು. ಅವ್ವ ಮಂಡಿಯೂರಿ ಕೂತು ನೆಲದ ಅಂಟಿನ ಕಲೆ ಕೆರೆಯುತ್ತಿದ್ದಳು. ಅಪ್ಪ ತಾನೇ ತೆಂಗಿನ ಸಿಪ್ಪೆಗೆ ಎಣ್ಣೆ ಅದ್ದಿ ಉಜ್ಜುತ್ತಿದ್ದ. ಅವನು ಮನೆಯ ನೆಲ ಉಜ್ಜಿದ್ದು ಅದೇ ಮೊದಲು, ಅದೇ ಕೊನೆ.

"ಬೆಂಚಿನ ಕೆಳಗೆ ಒಂದು ಗೋಣಿ ಆದ್ರೂ ಇರ್ಲಿ," ಎಂದಳು ಅವ್ವ.

"ಗೋಣಿ ಮೇಲೆ ಕೂರ್‌ಸಾಕೆ ಇದೆಂತ ಸಂತೆಯಾ?"

"ಹಾಂಗಾರೆ ಅತ್ತೆ ಒಳಗೇ ಮಲಗಿರ್ಲಿ. ಅವ್ರು ಹೋದ್ಮೇಲೆ ಹಗ್ಗ ಕಟ್ತೀನಿ."

ಅಪ್ಪ ಅದಕ್ಕೆ ಒಪ್ಪಲಿಲ್ಲ. ಅಜ್ಜಿ ಮುಂದಿನ ಕೋಣೆಯಲ್ಲೇ ಇರಬೇಕು. ಬಾಗಿಲಿಗೆ ಎದುರಾಗಿ, ಬೆಂಚಿನ ಮೇಲೆ, ಹೊಸ ಸೀರೆಯಲ್ಲಿ. ಒಡೆಯರು ಬಾಗಿಲಲ್ಲಿ ನಿಂತಿರುವಾಗ ಅವಳು ಕೂತಿರಬೇಕು. ಅವನಿಗೆ ಬೇಕಾದದ್ದು ಇಷ್ಟೇ. ಕುರ್ಚಿ, ನೆಲ, ಕಾಫಿಯ ಲೋಟ ಎಲ್ಲ ಇದಕ್ಕೆ ಮಾಡಿಕೊಂಡ ತಯಾರಿ. ಎಷ್ಟು ವರ್ಷ ಅವಳನ್ನು ಅಂಗಳದಲ್ಲಿ ಎಬ್ಬಿಸಿ ನಿಲ್ಲಿಸಿದ್ದರೋ ಅದಕ್ಕೆಲ್ಲ ಒಂದೇ ಸಲಕ್ಕೆ ಉತ್ತರ ಕೊಡಬೇಕಿತ್ತು. ಉತ್ತರ ಕೊಡಬೇಕಾದವಳು ಅಜ್ಜಿ, ಮಾತು ಅವನದ್ದು.

ಊಟವಾದ ಮೇಲೆ ಅಪ್ಪ ಅವಳಿಗೆ ಪಾಠ ಹೇಳಿಕೊಟ್ಟ. ಅವಳನ್ನು ಬೆಂಚಿನ ಮೇಲೆ ಕೂರಿಸಿ, ತಾನು ಹೊರಗೆ ಹೋಗಿ, ಮೆಟ್ಟಿಲು ಹತ್ತಿ, ಒಡೆಯರ ಹಾಗೆ ಬಾಗಿಲಲ್ಲಿ ನಿಂತ.

"ಹೀಂಗೆ ಬರ್ತಾರೆ. ನೀ ಏಳ್ಬಾರ್ದು. ಕೂತೇ ಇರ್ಬೇಕು. ಬನ್ನಿ ಅಂದ್ರೆ ಸಾಕು."

"ನೀ ಒಡೇರಾಗ್ಬೇಕಾರೆ ಹೊಟ್ಟೆ ಇನ್ನೊಂಚೂರು ಬರ್ಬೇಕು ಮಾರಾಯ," ಎಂದಳು ಅಜ್ಜಿ.

"ತಮಾಷೆ ಬ್ಯಾಡ. ಇನ್ನೊಂದ್ಸಲ ಬರ್ತೀನಿ. ಏಳ್ಬ್ಯಾಡ."

ಅವನು ಮತ್ತೆ ಮತ್ತೆ ಹೋಗಿ ಬಂದ. ಅವಳು ಕೂತೇ ಇದ್ದಳು. ಮಗ ಒಳಗೆ ಬಂದರೆ ತಾಯಿ ಯಾಕೆ ಏಳುತ್ತಾಳೆ? ನಾನು ನಗುತ್ತಿದ್ದೆ, ಅಜ್ಜಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ಒಂದು ಸಲ ಅಪ್ಪ ಹೆಗಲ ಮೇಲೆ ಟವೆಲ್ಲು ಇಳಿಬಿಟ್ಟುಕೊಂಡು, ಹೊಟ್ಟೆ ಮುಂದೆ ಮಾಡಿಕೊಂಡು ಬಂದಾಗ ಅವನಿಗೇ ನಗು ತಡೆಯಲಿಲ್ಲ. ನಮ್ಮ ಮನೆಯಲ್ಲಿ ಅಷ್ಟು ನಗು ಕೇಳಿಸಿದ ಕೊನೆಯ ಮಧ್ಯಾಹ್ನ ಅದು. ಅವ್ವ ಮಾತ್ರ ನಗಲಿಲ್ಲ. ಮೊಳೆಗಳನ್ನೂ ಕೀಳಬೇಕೇ ಎಂದು ಕೇಳಿದಳು. ಕಿತ್ತರೆ ಸುಣ್ಣ ಉದುರುತ್ತದೆ, ಅವು ಇರಲಿ ಎಂದ ಅಪ್ಪ.

ಮಾರನೆಯ ದಿನ ಬೆಳಿಗ್ಗೆ ಬಿಸಿಲು ಬಾಗಿಲಿನಿಂದ ಒಳಗೆ ಬಂದು ನೆಲದ ಮೇಲೆ ಉದ್ದಕ್ಕೆ ಮಲಗಿತ್ತು. ನೆಲ ಹೊಳೆದು ಕಣ್ಣು ಕುಕ್ಕುತ್ತಿತ್ತು. ಅಜ್ಜಿ ಬೆಂಚಿನ ಮೇಲಿದ್ದಳು. ಹೊಸ ಸೀರೆ ಕಾಲ್ಬೆರಳಿನವರೆಗೆ ಇಳಿದಿತ್ತು. ಎತ್ತಿ ಕಟ್ಟಿದರೆ ಕೂಲಿಯವಳ ಹಾಗೆ ಕಾಣುತ್ತದೆ ಎಂದು ಅಪ್ಪ ಬಿಟ್ಟಿರಲಿಲ್ಲ. ಅವ್ವ ಒಳಗೆ ಕಾಫಿಗೆ ಬೆಲ್ಲ ಹಾಕುತ್ತಿದ್ದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ಲೋಟ ಒರೆಸುತ್ತ ನಿಂತಿದ್ದೆ. ಅಲ್ಲಿಂದ ಬೆಂಚಿಗೆ ಕೋಣೆಯ ಉದ್ದವೆಲ್ಲ ಇತ್ತು. ಕೆಳಗೆ ರಸ್ತೆಯಲ್ಲಿ ಕಾರು ನಿಂತ ಸದ್ದಾಯಿತು. ಅಪ್ಪ ಬಾಗಿಲಿಗೆ ಹೋದ. ಮೆಟ್ಟಿಲಿನ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು, ಒಡೆಯರಿಗೂ ವಯಸ್ಸಾಗಿತ್ತು. ಕೊನೆಯ ಮೆಟ್ಟಿಲಿನ ಹತ್ತಿರ ಅವರು ಉಸಿರು ತೆಗೆದುಕೊಳ್ಳಲು ನಿಂತು, ಗಂಟಲು ಸರಿಮಾಡಿಕೊಂಡು ಕೆಮ್ಮಿದರು.

ಅಪ್ಪನ ಪಾಠದಲ್ಲಿ ಆ ಕೆಮ್ಮು ಇರಲಿಲ್ಲ.

ಮುಂದಿನದು ಎಷ್ಟು ಬೇಗ ಆಯಿತು, ನಾನು ಎಷ್ಟು ನಿಧಾನವಾಗಿ ನೋಡುತ್ತೇನೆ. ಅಜ್ಜಿಯ ಮುಖದಲ್ಲಿದ್ದ ಮುದುಕಿ ಮಾಯವಾದಳು. ಬೆನ್ನು ಬೆಂಚಿನಿಂದ ಬಿಟ್ಟಿತು. ಒಡೆಯರು ಬಾಗಿಲ ಚೌಕಟ್ಟಿನಲ್ಲಿ ಬಂದು ನಿಂತರು. ಅಪ್ಪ ಅವರ ಮುಖವನ್ನೇ ನೋಡುತ್ತಿದ್ದ, ಅವರು ಏನು ನೋಡುತ್ತಾರೆಂದು ನೋಡುತ್ತಿದ್ದ. ತಾಯಿಯ ಕಡೆಗೆ ಅವನ ಬೆನ್ನಿತ್ತು. ಒಡೆಯರು ನೆಲ ನೋಡಿದರು, ಗೋಡೆ ನೋಡಿದರು, ಆಮೇಲೆ ಅಜ್ಜಿಯನ್ನು ನೋಡಿದರು. ಅವಳು ಏಳುತ್ತಿದ್ದುದನ್ನು ಅವರು ನೋಡಿದರು. ಇದರಲ್ಲಿ ನನಗೆ ಸಂಶಯವಿಲ್ಲ. ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ಇತ್ತು. ಹಿಂದೆ ಜಗಲಿಯ ಮೇಲೆ ನಿಂತು ಕಾಯುತ್ತಿದ್ದ ಹಾಗೆ ಅವರು ಕಾದರು. ಅಜ್ಜಿಯ ಎಡಗೈ ಗೋಡೆಗೆ ಹೋಯಿತು, ಹಗ್ಗ ಇರುತ್ತಿದ್ದ ಎತ್ತರಕ್ಕೆ. ಬೆರಳುಗಳು ಮುಚ್ಚಿಕೊಂಡವು. ಒಳಗೆ ಏನೂ ಇರಲಿಲ್ಲ. ಅವಳು ಒಂದು ಸಲ ಗೋಡೆಯ ಕಡೆ ನೋಡಿದಳು, ಯಾರೋ ಇಟ್ಟ ವಸ್ತುವನ್ನು ಯಾರೋ ತೆಗೆದಿದ್ದಾರೆ ಅನ್ನುವ ಹಾಗೆ. ಕೈ ಮುಂದೆ ಹೋಗಿ ಮೊಳೆಗೆ ತಾಗಿತು. ಕಾಲು ಸೀರೆಯಂಚನ್ನು ತುಳಿದು ಎಣ್ಣೆ ನೆಲದ ಮೇಲೆ ಮುಂದಕ್ಕೆ ಓಡಿತು. ನನ್ನ ಕೈಯ ಲೋಟ ಬಿತ್ತು, ಅದರ ಸದ್ದಿಗೆ ಅಪ್ಪ ತಿರುಗಿದ, ಅಷ್ಟರಲ್ಲಿ ಎಲ್ಲ ಆಗಿತ್ತು. ಅವಳು ಬಿದ್ದದ್ದಕ್ಕೆ ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಮ್ಮೆ ಬಡಿದ ಹಾಗೆ, ಅಷ್ಟೇ.

"ಕೂತ್ಕ ಚೌಡಿ, ಕೂತ್ಕ," ಎಂದರು ಒಡೆಯರು. ಆಗ ಹೇಳಿದರು.

ಆಮೇಲೆ ಅವರು ಬಗ್ಗಿ ಅವಳ ತೋಳಿಗೆ ಕೈ ಹಾಕಿದರು. ಅವರನ್ನು ನಾನು ಪೂರ್ತಿ ದ್ವೇಷಿಸಲು ಆಗದಂತೆ ಮಾಡಿದ್ದು ಇದೊಂದೇ. ಆದರೆ ಅಜ್ಜಿ, ಕಾಲು ಹೊರಕ್ಕೆ ತಿರುಗಿ ಬಿದ್ದಿದ್ದ ಅಜ್ಜಿ, ನೋವಿಗೆ ಬಾಯಿ ಬಿಡದಿದ್ದ ಅಜ್ಜಿ, ತೋಳನ್ನು ಹಿಂದಕ್ಕೆ ಎಳೆದುಕೊಂಡಳು.

"ಮುಟ್ಬ್ಯಾಡಿ ಒಡೇರೆ. ಮಿಂದಿಲ್ಲ ನಾನು."

ಅವಳನ್ನು ಶಿವಮೊಗ್ಗಕ್ಕೆ ಒಯ್ದದ್ದು ಅವರ ಕಾರಿನಲ್ಲೇ. ಬಸ್ಸು ಬರಲು ಹೊತ್ತಿತ್ತು, ಬಂದರೂ ಹತ್ತಿಸಲು ಆಗುತ್ತಿರಲಿಲ್ಲ. ಅಪ್ಪ ಕೈ ಜೋಡಿಸಿ ಅವರ ಮುಂದೆ ನಿಂತ. ಒಡೇರೆ ಎಂದ. ಆ ಬೆಳಿಗ್ಗೆ ಆ ಒಂದು ಶಬ್ದವನ್ನು ಬಾಯಿಗೆ ತಾರದಿರಲು ಅವನು ಎಷ್ಟು ತಯಾರಿ ಮಾಡಿಕೊಂಡಿದ್ದನೆಂದು ನನಗೆ ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಅಜ್ಜಿಯ ತಲೆ ಅವ್ವನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಅವಳು ಒಂದು ಕೈಯಿಂದ ಸೀರೆಯನ್ನು ಒಟ್ಟು ಮಾಡಿ ಹಿಡಿದುಕೊಂಡಿದ್ದಳು. ಸೀಟು ಗಲೀಜಾಗುತ್ತದೆ ಎಂಬ ಚಿಂತೆ ಅವಳಿಗೆ. ತಿರುವುಗಳಲ್ಲಿ ಕಾರು ವಾಲಿದಾಗಲೆಲ್ಲ ಅವಳ ಕಾಲಿನೊಳಗೆ ಏನೋ ಕದಲುವುದು ನನ್ನ ಕೈಗೆ ಗೊತ್ತಾಗುತ್ತಿತ್ತು. ಈಗಲೂ ಆ ರಸ್ತೆಯಲ್ಲಿ ಬಸ್ಸು ತಿರುಗಿದರೆ ನಾನು ಮುಂದಿನ ಸೀಟಿನ ಕಂಬಿ ಹಿಡಿಯುತ್ತೇನೆ.

ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು. ಕಾಲಿಗೆ ಭಾರ ಕಟ್ಟಿ ಮಲಗಿಸಿದರು. ಈ ವಯಸ್ಸಿನಲ್ಲಿ ಕೂಡುವುದು ಕಷ್ಟ, ಮನೆಗೆ ಕರೆದುಕೊಂಡು ಹೋಗಿ ಎಂದು ಕೊನೆಗೆ ಹೇಳಿದರು. ಬೆಂಚಿನ ಮೇಲೆ ಮಲಗಿಸಿ, ದೊಡ್ಡಮನೆಗಿಂತ ಒಂದು ಹೆಚ್ಚಿದ್ದ ಆ ಮೆಟ್ಟಿಲುಗಳನ್ನು ಹತ್ತಿಸಿ ಒಳಗೆ ತಂದರು. ಅವಳು ಮತ್ತೆ ನೆಲಕ್ಕೆ ಕಾಲಿಡಲಿಲ್ಲ. ಅಪ್ಪ ಒಂದು ದಿನ ಯಾರಿಗೂ ಹೇಳದೆ ಉಳಿ ಸುತ್ತಿಗೆ ತಂದು ನೆಲ ಕೊಚ್ಚತೊಡಗಿದ. ಹಾಸಿಗೆಯಿಂದ ಬಚ್ಚಲಿನವರೆಗೆ, ಗೋಡೆಯ ಅಂಚಿಗೆ, ಹಗ್ಗ ಇದ್ದ ದಾರಿಯುದ್ದಕ್ಕೂ. ಕೆಂಪು ಪುಡಿ ಹಾರಿ ಅವನ ತಲೆ, ಹುಬ್ಬು ಎಲ್ಲ ಕೆಂಪಾಗಿತ್ತು. ನಡೆಯಲಾಗದವಳಿಗೆ ಜಾರದ ದಾರಿ. ಅಜ್ಜಿ ಮಲಗಿದಲ್ಲಿಂದ ಆ ಸದ್ದು ಕೇಳಿ, ಅಷ್ಟು ಚಂದದ ನೆಲ ಎಂತಕೆ ಹಾಳು ಮಾಡ್ತಿದಾನೆ ಅವ್ನು, ಎಂದು ನನ್ನನ್ನು ಕೇಳಿದಳು. ನನಗೆ ಅಪ್ಪನ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ. ಅವನು ಸಾಯುವವರೆಗೂ ಪೂರ್ತಿಯಾಗಿ ಬರಲಿಲ್ಲ.

ಈಗ ಸಾಗರದ ನನ್ನ ಮನೆಯ ಬಚ್ಚಲಲ್ಲಿ ಸ್ಟೀಲಿನ ಹಿಡಿಕೆ ಇದೆ. ಮಂಡಿನೋವಿಗೆಂದು ಹೋದಾಗ ಡಾಕ್ಟರು ಮನೆಯ ಬಗ್ಗೆ ಒಂದೊಂದೇ ವಿಚಾರಿಸಿದರು. ನೆಲ ಜಾರುತ್ತದೆಯೇ, ಬೆಳಕು ಸಾಕೇ, ಕನ್ನಡಕ ಸರಿಯಿದೆಯೇ, ತಲೆ ತಿರುಗುತ್ತದೆಯೇ. ಒಳ್ಳೆಯ ಡಾಕ್ಟರು, ಕೇಳಿದ್ದೆಲ್ಲ ಕೇಳಬೇಕಾದದ್ದೇ. ಅವ್ವ ಇದಿಷ್ಟನ್ನೂ ತಾನೇ ಕೇಳಿಕೊಂಡು ಒಂದೊಂದಕ್ಕೂ ಉತ್ತರ ಹುಡುಕಿದ್ದಳು. ಯಾರು ಬಾಗಿಲಿಗೆ ಬಂದರೆ ನೀವು ಎದ್ದು ನಿಲ್ಲುತ್ತೀರಿ ಎಂದು ಮಾತ್ರ ಡಾಕ್ಟರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಮದುವೆ ಮುಗಿದು, ಮಳೆ ಹಿಡಿಯುವ ಮೊದಲು, ಒಡೆಯರು ಮತ್ತೊಮ್ಮೆ ಬಂದರು. ಅಜ್ಜಿಯನ್ನು ನೋಡಿಕೊಂಡು ಹೋಗಲು. ಕೈಯಲ್ಲಿ ಬಾಳೆಗೊನೆಯ ಚಿಪ್ಪು, ಮದುವೆಯ ಲಾಡು. ಅಪ್ಪ ಗದ್ದೆಯಲ್ಲಿದ್ದ, ಕರೆದರೂ ಬರಲಿಲ್ಲ. ನಾನು ಅಜ್ಜಿಗೆ ಗಂಜಿ ಕುಡಿಸುತ್ತಿದ್ದೆ, ಅವ್ವ ಅವಳ ಬೆನ್ನಿಗೆ ಪುಡಿ ಹಚ್ಚುತ್ತಿದ್ದಳು. ಮಲಗಿ ಮಲಗಿ ಬೆನ್ನು ಹುಣ್ಣಾಗಿತ್ತು. ಮೆಟ್ಟಿಲಿನ ಮೇಲೆ ಆ ಕೆಮ್ಮು ಕೇಳಿಸಿತು. ನನ್ನ ಕೈಯ ಚಮಚೆಗೆ ಅಜ್ಜಿಯ ಹಲ್ಲಿಲ್ಲದ ವಸಡು ತಾಗಿತ್ತು, ಅದು ಬಿಗಿಯಾಯಿತು. ಕೊರಳಿನ ನರ ಎದ್ದವು. ಮುರಿದ ಸೊಂಟದ, ಕಾಲು ಸತ್ತ ಆ ಮೈ ಹಾಸಿಗೆಯಿಂದ ಮೇಲೇಳಲು ಹೊರಟಿತು. ಹೆಗಲು ದಿಂಬು ಬಿಟ್ಟಿತು. ಎಡಗೈ ಗೋಡೆಯನ್ನು ತಡಕುತ್ತಿತ್ತು. ಅವ್ವ ಎರಡೂ ಕೈಯಿಂದ ಅವಳ ಎದೆಯನ್ನು ಹಾಸಿಗೆಗೆ ಒತ್ತಿ ಹಿಡಿದಳು. ಕರು ಹಾಕುವ ಹಸುವನ್ನು ಹಿಡಿಯುವಷ್ಟು ಬಲದಿಂದ ಹಿಡಿದಳು.

"ಏಳ್ಬ್ಯಾಡ ಚೌಡಮ್ಮ," ಎಂದರು ಒಡೆಯರು. ಅವರು ಇನ್ನೂ ಹೊಸಿಲು ದಾಟಿರಲಿಲ್ಲ. ಕಾಣಿಸಿಯೂ ಇರಲಿಲ್ಲ. ಹೊರಗಿನಿಂದಲೇ, ದೊಡ್ಡ ದನಿಯಲ್ಲಿ, ಆತುರಾತುರವಾಗಿ ಹೇಳಿದರು. "ಏಳ್ಬ್ಯಾಡ. ಏಳ್ಬ್ಯಾಡ."

ಎಷ್ಟು ಚಿಕ್ಕ ಮಾತು ಅದು. ಹೇಳಿ ಮುಗಿಸಲು ಅವರಿಗೆ ಏನೂ ಹೊತ್ತು ಹಿಡಿಯಲಿಲ್ಲ. ಅಜ್ಜಿ ಆ ಮಾತು ಕೇಳಿ ಮೈ ಸಡಿಲ ಬಿಟ್ಟಳು. ಅವ್ವ ಕೈ ತೆಗೆದಳು. ಒಡೆಯರು ಒಳಗೆ ಬಂದು, ಕೊಚ್ಚಿದ ನೆಲದ ಮೇಲೆ ಜಾಗ ನೋಡಿ ನೋಡಿ ಕಾಲಿಡುತ್ತ, ಅವಳ ಹಾಸಿಗೆಯ ಹತ್ತಿರ ಬಂದು ನಿಂತರು. ಬಂದವರಿಗೆ ಕುರ್ಚಿ ಕೊಡಬೇಕಿತ್ತು. ಅವ್ವ ಕೊಡಲಿಲ್ಲ, ನಾನೂ ಕೊಡಲಿಲ್ಲ. ಅವರು ಹೋಗುವವರೆಗೆ ನಿಂತೇ ಇದ್ದರು.